ಹಳೆಯ ಮೈ ಎಲ್ಲಿಗೆ ಹೋಗುತ್ತದೆ?

ರೂಪ ಬದಲಿಸುವ ಆಟಿಕೆಯನ್ನು ಅಳೆಯಲು ಸಂಗ್ರಾಹಕರ ಬಳಿ ಸಿದ್ಧ ಪಟ್ಟಿಯೊಂದಿದೆ. ಕೀಲುಗಳು ಬಿಗಿಯಾಗಿವೆಯೇ, ಬಣ್ಣ ಅಂಚು ದಾಟಿದೆಯೇ, ಕತ್ತಿ ಬಂದೂಕುಗಳೆಲ್ಲ ಜೊತೆಗಿವೆಯೇ, ಪೆಟ್ಟಿಗೆ ತೆರೆದಿಲ್ಲ ತಾನೇ? ಈ ಪಟ್ಟಿಯಲ್ಲಿ ಒಂದು ದೋಷಕ್ಕೆ ಪ್ರತ್ಯೇಕ ಹೆಸರೇ ಇದೆ: ‘ಕಿಬಲ್’. ಪ್ರಾಣಿ ರೋಬೋ ಆದ ಮೇಲೂ ಅದರ ಬೆನ್ನಿಗೋ ಮೊಣಕೈಗೋ ಅಂಟಿಕೊಂಡು ಉಳಿಯುವ ಬಾಲ, ಪಂಜ, ರೆಕ್ಕೆಗಳಿಗೆ ಈ ಹೆಸರು. ಇಂಥ ಉಳಿಕೆ ಕಡಿಮೆಯಾದಷ್ಟೂ ಆಟಿಕೆ ಉತ್ತಮ ಎಂಬುದು ಸಂಗ್ರಾಹಕರಲ್ಲಿ ಬೇರೂರಿರುವ ನಂಬಿಕೆ. ನನಗೆ ತಕರಾರಿರುವುದು ಈ ನಂಬಿಕೆಯ ಬಗ್ಗೆಯೇ.

ರಾಯಾಪುರದ ನನ್ನ ಬಾಡಿಗೆ ಕೋಣೆಯ ಕಪಾಟಿನಲ್ಲಿ, ಸಂಶೋಧನೆಯ ಟಿಪ್ಪಣಿಗಳ ಪಕ್ಕ, ಎರಡು ಡೈನೊಸಾರ್‌ಗಳಿವೆ. ಎರಡೂ ಹ್ಯಾಸ್ಬ್ರೊ ಕಂಪನಿಯ ಟ್ರಾನ್ಸ್‌ಫಾರ್ಮರ್ಸ್ ಸರಣಿಯವು, ಎರಡೂ 2021ರವು, ಎರಡೂ ‘ಲೀಡರ್’ ದರ್ಜೆಯವು, ಎರಡೂ ಟೈರನೊಸಾರಸ್. ಒಂದು ‘ಸ್ಟುಡಿಯೋ ಸೀರೀಸ್ 86’ರ ಗ್ರಿಮ್‌ಲಾಕ್, ಇನ್ನೊಂದು ‘ಕಿಂಗ್‌ಡಮ್’ ಸಾಲಿನ ಮೆಗಾಟ್ರಾನ್. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಪ್ರಾಣಿ ಒಂದೇ; ರೂಪಾಂತರದ ಬಗೆಗಿನ ಕಲ್ಪನೆ ಮಾತ್ರ ಬೇರೆ.

ಸ್ವಲ್ಪ ಹಿನ್ನೆಲೆ. ಜಪಾನಿನ ಟಕಾರಾ ಕಂಪನಿಯ ‘ಡಯಾಕ್ಲೋನ್’ ಮತ್ತು ‘ಮೈಕ್ರೋ ಚೇಂಜ್’ ಆಟಿಕೆಗಳಿಗೆ ಹೊಸ ಹೆಸರು, ಹೊಸ ಕತೆ ಕೊಟ್ಟು ಹ್ಯಾಸ್ಬ್ರೊ 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಆರಂಭಿಸಿತು. ಮೊದಲಿಗೆ ಬಂದವುಗಳಲ್ಲಿ ಕಾರು, ವಿಮಾನಗಳೇ ಹೆಚ್ಚು. 1985ರಲ್ಲಿ ಡೈನೊಬಾಟ್‌ಗಳು ಬಂದವು. ಅವುಗಳ ನಾಯಕ ಗ್ರಿಮ್‌ಲಾಕ್. ಈ ಡೈನೊಸಾರ್ ಕೂಡ ಕಬ್ಬಿಣದ ಯಂತ್ರವಾಗಿಯೇ ಕಾಣುತ್ತದೆ. 1996ರ ‘ಬೀಸ್ಟ್ ವಾರ್ಸ್’ ಈ ರೂಢಿಯನ್ನು ಮುರಿಯಿತು. ಅಲ್ಲಿ ಗೊರಿಲ್ಲಾ, ಚಿರತೆ, ಇಲಿ, ಘೇಂಡಾಮೃಗಗಳಿಗೆ ರೋಮ, ಚರ್ಮ, ಸುಕ್ಕುಗಳಿದ್ದವು. ನನ್ನ ಬಳಿಯಿರುವ ಮೆಗಾಟ್ರಾನ್ ಈ ಎರಡನೆಯ ಪರಂಪರೆಯದು.

ಈಗ ರೂಪಾಂತರಕ್ಕೆ ಬರೋಣ. ಗ್ರಿಮ್‌ಲಾಕ್‌ನ ಬಾಲವನ್ನು ಸೀಳಿದರೆ ರೋಬೋದ ಎರಡು ಕಾಲು ಸಿಗುತ್ತವೆ. ಡೈನೊಸಾರಿನ ಕಾಲುಗಳು ರೋಬೋದ ಕೈಗಳಾಗುತ್ತವೆ. ತಲೆ, ಕುತ್ತಿಗೆ ಮಡಚಿಕೊಂಡು ಬೆನ್ನ ಹಿಂದೆ ಹೋಗುತ್ತವೆ. ಎದುರಿನಿಂದ ನೋಡಿದರೆ ಮೃಗದ ಸುಳಿವು ಅಷ್ಟಾಗಿ ಕಾಣದು. 1985ರ ಈ ಯೋಜನೆಯೇ ಹೊಸ ಆಟಿಕೆಯಲ್ಲೂ ಉಳಿದಿದೆ, ಇನ್ನಷ್ಟು ನಯವಾಗಿದೆ. ಡೈನೊಸಾರ್ ರೂಪದಲ್ಲಿ ಅದು ಬಾಲವನ್ನು ನೆಲಕ್ಕೆ ಊರಿ ನೆಟ್ಟಗೆ ನಿಲ್ಲುತ್ತದೆ. ಟೈರನೊಸಾರಸ್ ಹಾಗೆ ನಿಲ್ಲುತ್ತಿರಲಿಲ್ಲ, ಬೆನ್ನನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು ನಡೆಯುತ್ತಿತ್ತು ಎಂದು ವಿಜ್ಞಾನಿಗಳು ಹೇಳಿ ದಶಕಗಳಾಗಿವೆ. ಆದರೆ ಈ ಆಟಿಕೆಯ ನಿಷ್ಠೆ ವಿಜ್ಞಾನಕ್ಕಲ್ಲ, 1986ರ ಅನಿಮೇಷನ್ ಚಿತ್ರಕ್ಕೆ. ಹೆಸರಿನಲ್ಲಿರುವ ‘86’ ಆ ಚಿತ್ರದ ವರ್ಷವೇ. ಸಂಗ್ರಾಹಕರು ‘ಯಥಾವತ್ತು’ ಎನ್ನುವಾಗ ಯಾವುದಕ್ಕೆ ಯಥಾವತ್ತು ಎಂದು ಕೇಳಿಕೊಳ್ಳಬೇಕು. ಬಹುಪಾಲು ಅದು ಪ್ರಾಣಿಗಲ್ಲ, ಬಾಲ್ಯದ ನೆನಪಿಗೆ.

ಮೆಗಾಟ್ರಾನ್ ಕತೆ ಬೇರೆ. ರೋಬೋ ಆದಾಗ ಅದರ ಬಲಗೈ ಇರಬೇಕಾದ ಜಾಗದಲ್ಲಿ ಡೈನೊಸಾರಿನ ಇಡೀ ತಲೆಯಿದೆ, ಬಾಯಿ ತೆರೆದುಕೊಂಡು. ಬಾಲದ ತುದಿ ಎಡಗೈಯ ಆಯುಧ. ಪಟ್ಟಿಯ ಪ್ರಕಾರ ಇದು ದೊಡ್ಡ ಉಳಿಕೆ. ಆದರೆ ಪಾತ್ರ ಹುಟ್ಟುವುದೇ ಇಲ್ಲಿ. ಈತ ಏನನ್ನು ಹಿಡಿಯಹೋದರೂ ಹಲ್ಲಿನಿಂದಲೇ ಹಿಡಿಯಬೇಕು. ತನ್ನ ಮೃಗವನ್ನು ಬೆನ್ನಿಗೆ ಬಚ್ಚಿಡದೆ ಮುಂದೆ ಚಾಚಿಕೊಂಡೇ ನಿಂತಿದ್ದಾನೆ.

ಕನ್ನಡದ ಓದುಗರಿಗೆ ಈ ಸಮಸ್ಯೆ ಹೊಸದಲ್ಲ. ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ (1971) ಕುದುರೆ ತಲೆಯ ಮನುಷ್ಯ ಪೂರ್ಣತೆಯನ್ನು ಬೇಡುತ್ತಾನೆ. ಕಾಳಿ ಅವನನ್ನು ಪೂರ್ತಿ ಕುದುರೆಯಾಗಿಸುತ್ತಾಳೆ, ಆದರೆ ಮನುಷ್ಯರ ದನಿ ಹಾಗೇ ಉಳಿದುಬಿಡುತ್ತದೆ. ಆ ದನಿಯೇ ನಾಟಕದ ಕಿಬಲ್. ಅದಿಲ್ಲದಿದ್ದರೆ ನಮ್ಮ ಮುಂದೆ ಒಂದು ಕುದುರೆ ಇರುತ್ತಿತ್ತು, ನಾಟಕ ಇರುತ್ತಿರಲಿಲ್ಲ. ಕಾರ್ಟೂನಿನ ಗ್ರಿಮ್‌ಲಾಕ್ ಕೂಡ ಮುರುಕು ವಾಕ್ಯಗಳಲ್ಲೇ ಮಾತಾಡುತ್ತದೆ. ಆಟಿಕೆ ಅಡಗಿಸಿದ ಮೃಗವನ್ನು ಕಾರ್ಟೂನು ನಾಲಿಗೆಯಲ್ಲಿ ಉಳಿಸಿಕೊಂಡಿತು. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಮಾಡುವ ಮರದ ಗರುಡನನ್ನು ನೋಡಿ: ಮನುಷ್ಯನ ಮೈ, ಹಕ್ಕಿಯ ಕೊಕ್ಕು ಮತ್ತು ರೆಕ್ಕೆ ಒಟ್ಟಿಗೇ ಇವೆ. ಅಲ್ಲಿ ಯಾರೂ ರೆಕ್ಕೆಯನ್ನು ಉಳಿಕೆ ಎನ್ನುವುದಿಲ್ಲ. ಇನ್ನೊಂದೆಡೆ, ರಾಯಾಪುರದ ಮೇಲೆ ಹಾಯುವ ಚಿಗರಿ ಬಸ್ಸಿನಲ್ಲಿ ಚಿಗರಿ ಇರುವುದು ಹೆಸರಿನಲ್ಲಷ್ಟೇ. ಉಳಿಕೆಯನ್ನು ಪೂರ್ತಿ ಅಳಿಸಿದರೆ ಪ್ರಾಣಿಗೆ ಒದಗುವ ಗತಿ ಅದು.

ಹಾಗೆಂದು ಎಲ್ಲ ಉಳಿಕೆಗೂ ಅರ್ಥವಿರುತ್ತದೆಂದಲ್ಲ. ‘ಶೆಲ್‌ಫಾರ್ಮರ್’ ಎಂದು ಕರೆಯುವ ಆಟಿಕೆಗಳಲ್ಲಿ ಒಳಗೊಂದು ರೋಬೋ ಮೊದಲೇ ಸಿದ್ಧವಿರುತ್ತದೆ, ಮೇಲೆ ಪ್ರಾಣಿಯ ಚಿಪ್ಪನ್ನು ಹೊದಿಸಿರುತ್ತಾರೆ. ಅದು ವೇಷ, ರೂಪಾಂತರವಲ್ಲ. ಹಳೆಯ ಅಂಗಕ್ಕೆ ಹೊಸ ಮೈಯಲ್ಲಿ ಕೆಲಸವಿದೆಯೇ ಎಂಬುದು ನನ್ನ ಅಳತೆಗೋಲು. ಗ್ರಿಮ್‌ಲಾಕ್‌ನ ಬಾಲ ಕಾಲಾಗುತ್ತದೆ, ಕೆಲಸವಿದೆ. ತಲೆ ಬೆನ್ನಲ್ಲಿ ಸುಮ್ಮನೆ ತೂಗುತ್ತದೆ, ಕೆಲಸವಿಲ್ಲ. ಮೆಗಾಟ್ರಾನ್‌ನ ತಲೆಗೆ ಕೆಲಸವಿದೆ.

ಇನ್ನು ಪೆಟ್ಟಿಗೆಯ ಪ್ರಶ್ನೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದ ಮೇಲೆ ಹೊರದೇಶದಿಂದ ಬರುವ ಆಟಿಕೆ ನಮಗೆ ಮತ್ತಷ್ಟು ದುಬಾರಿ. ಹೀಗಾಗಿ ಪೆಟ್ಟಿಗೆ ತೆರೆಯಲು ಕೈ ಹಿಂಜರಿಯುವುದು ಸಹಜ. ಆದರೆ ತೆರೆಯದ ಪೆಟ್ಟಿಗೆಯಲ್ಲಿರುವುದು ಯಾವ ರೂಪದಲ್ಲಿದೆಯೋ ಆ ರೂಪದಲ್ಲೇ ಉಳಿಯುತ್ತದೆ. ಅದನ್ನು ರೂಪ ಬದಲಿಸುವ ಆಟಿಕೆ ಎನ್ನುವುದು ನಂಬಿಕೆಯ ಮಾತಷ್ಟೇ.

ಎ. ಕೆ. ರಾಮಾನುಜನ್ ಸಂಗ್ರಹಿಸಿದ, ಕಾರ್ನಾಡರು ‘ಚೆಲುವಿ’ (1992) ಚಿತ್ರವಾಗಿಸಿದ ಕನ್ನಡ ಜನಪದ ಕತೆಯೊಂದಿದೆ. ಒಂದು ಕೊಡ ನೀರು ಸುರಿದರೆ ಹುಡುಗಿ ಹೂವಿನ ಮರವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಒಂದೇ ಷರತ್ತು: ಎಲೆ ಚಿಗುರಿಗೆ ನೋವಾಗಬಾರದು. ನಾದಿನಿ ಮತ್ತವಳ ಗೆಳತಿಯರು ಟೊಂಗೆ ಮುರಿಯುತ್ತಾರೆ, ನೀರನ್ನು ಬೇಕಾಬಿಟ್ಟಿ ಸುರಿಯುತ್ತಾರೆ. ಹುಡುಗಿ ಕೈಕಾಲಿಲ್ಲದೆ ಅರ್ಧಕ್ಕೇ ನಿಲ್ಲುತ್ತಾಳೆ. ರೂಪಾಂತರ ಕೈಗಳ ಮೇಲೆ ನಿಂತಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಕೈಪಿಡಿಯೂ ಹೇಳಲಾರದು. ಕೀಲು ತಿರುಗದಿದ್ದರೆ ಬಲ ಹಾಕಬೇಡಿ. ಯಾವುದೋ ತುಂಡು ಮೊದಲು ಸರಿಯಬೇಕಾಗಿದೆ ಎಂದರ್ಥ. ಬಿಸಿಲಿನಲ್ಲಿಡಬೇಡಿ, ಬಿಳಿ ಪ್ಲಾಸ್ಟಿಕ್ ಹಳದಿಗಟ್ಟುತ್ತದೆ. ಹಳೆಯ ಆಟಿಕೆಯಲ್ಲಿ ಚಿನ್ನದ ಬಣ್ಣ ಬೆರೆಸಿದ ಪ್ಲಾಸ್ಟಿಕ್ ಇದ್ದರೆ ಇನ್ನೂ ಜೋಪಾನ. ಅದು ಕಾಲಾಂತರದಲ್ಲಿ ಪುಡಿಯಾಗುವಂಥದ್ದು.

ಕತೆಯ ಕೊನೆಯಲ್ಲಿ ಗಂಡ ಮುರಿದ ಟೊಂಗೆಗಳನ್ನು ಕೂಡಿಸಿ, ನೀರು ಸುರಿದು ಅವಳನ್ನು ಮರಳಿ ಪಡೆಯುತ್ತಾನೆ. ಸಂಗ್ರಾಹಕರ ಪಟ್ಟಿಯಲ್ಲಿ ದುರಸ್ತಿಯಾದ ಆಟಿಕೆಯ ಬೆಲೆ ಇಳಿಯುತ್ತದೆ. ನಾನಾದರೆ ಸಡಿಲ ಕೀಲನ್ನು ಸರಿಮಾಡಿಕೊಂಡು ನಾಲ್ಕು ಸಲ ರೂಪ ಬದಲಿಸಿದ ಆಟಿಕೆಗೆ ಹೆಚ್ಚು ಅಂಕ ಕೊಡುತ್ತೇನೆ. ಇವೆರಡರಲ್ಲಿ ಒಂದನ್ನೇ ಕೊಳ್ಳುವುದಾದರೆ, ಬುದ್ಧಿವಂತ ರಚನೆ ಬೇಕಾದವರು ಗ್ರಿಮ್‌ಲಾಕ್ ತೆಗೆದುಕೊಳ್ಳಿ. ರೂಪಾಂತರ ಎಂದರೇನೆಂದು ಯೋಚಿಸಬೇಕೆನ್ನುವವರು ಮೆಗಾಟ್ರಾನ್ ತೆಗೆದುಕೊಳ್ಳಿ. ಯಾವುದೇ ಆಗಲಿ, ಪೆಟ್ಟಿಗೆ ತೆರೆಯಿರಿ.