ಹೆಬ್ಬೆರಳಿನ ಗಾತ್ರದ ಕೋಲು

ಅನ್ನಕ್ಕೆ ಎಷ್ಟು ನೀರಿಡಬೇಕೆಂದು ಕೇಳಿದರೆ ನಮ್ಮತ್ತೆ ಬಾಯಲ್ಲಿ ಹೇಳುತ್ತಿರಲಿಲ್ಲ. ಪಾತ್ರೆಯೊಳಗೆ ಬೆರಳಿಟ್ಟು, ಅಕ್ಕಿಯ ಮೇಲೆ ಒಂದು ಗೆಣ್ಣು ನೀರು ನಿಲ್ಲಬೇಕೆಂದು ತೋರಿಸುತ್ತಿದ್ದರು. ಉಪ್ಪಿಗೆ ಚಿಟಿಕೆ, ಹೂವಿಗೆ ಮೊಳ, ಮಿಕ್ಕದ್ದಕ್ಕೆಲ್ಲ ಕಣ್ಣಂದಾಜು. ಇಂಥ ಕೈಯಳತೆಯ ಲೆಕ್ಕಕ್ಕೆ ಇಂಗ್ಲಿಷಿನಲ್ಲಿ ‘ರೂಲ್ ಆಫ್ ಥಂಬ್’ ಎನ್ನುತ್ತಾರೆ, ಎಂದರೆ ಹೆಬ್ಬೆರಳಿನ ನಿಯಮ. ಯಾರಿಗೂ ನೋವಾಗದ ಮಾತು. ಆದರೆ ಬಹಳ ವರ್ಷ ಅದು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತಿತ್ತು.

ಹಿಂದೆ ಇಂಗ್ಲೆಂಡಿನಲ್ಲಿ ಗಂಡನಾದವನು ತನ್ನ ಹೆಬ್ಬೆರಳಿಗಿಂತ ದಪ್ಪವಲ್ಲದ ಕೋಲಿನಿಂದ ಹೆಂಡತಿಗೆ ಹೊಡೆಯಬಹುದೆಂಬ ಕಾನೂನಿತ್ತು, ಈ ನುಡಿ ಹುಟ್ಟಿದ್ದೇ ಅಲ್ಲಿಂದ ಎಂದು ಎಲ್ಲೋ ಓದಿದ್ದೆ. ನಮ್ಮೂರಿನ ಮಹಿಳಾ ಸಮಾಜದಲ್ಲಿ ಮಾತಾಡುವಾಗ ಅದನ್ನು ಹೇಳಿಯೂಬಿಟ್ಟೆ. ಸಭೆಗೆ ಸಭೆಯೇ ‘ಅಯ್ಯೋ’ ಎಂದಿತು. ಆಮೇಲೆ ಕಾಫಿ ಕುಡಿಯುವಾಗ ಲಾ ಓದುತ್ತಿದ್ದ ಹುಡುಗಿಯೊಬ್ಬಳು ಹತ್ತಿರ ಬಂದು, “ಆಂಟಿ, ಆ ಕಾನೂನು ಯಾವ ಇಸವಿಯದು?” ಎಂದಳು. ನಾನು ತಬ್ಬಿಬ್ಬಾದೆ.

ಮನೆಗೆ ಬಂದವಳು ಹುಡುಕತೊಡಗಿದೆ. ಅಂಥ ಕಾನೂನು ಇಂಗ್ಲೆಂಡಿನಲ್ಲಿ ಇತ್ತೆಂದು ತೋರಿಸಿಕೊಟ್ಟವರು ಯಾರೂ ಇಲ್ಲ. ಈ ನುಡಿ 17ನೇ ಶತಮಾನದ ಪುಸ್ತಕಗಳಲ್ಲೇ ಸಿಗುತ್ತದೆ. ಸ್ಕಾಟ್ಲೆಂಡಿನ ಪಾದ್ರಿ ಜೇಮ್ಸ್ ಡರ್ಹ್ಯಾಮ್ ಅಂದಾಜಿನ ಮೇಲೆ ಮನೆ ಕಟ್ಟುವವರ ಬಗ್ಗೆ ಹೇಳುವಾಗ ಇದನ್ನು ಬಳಸಿದ್ದಾನೆ. 1692ರ ಕತ್ತಿವರಸೆಯ ಪುಸ್ತಕವೊಂದರಲ್ಲೂ ಇದೆ. ಎರಡರಲ್ಲೂ ಹೆಂಡತಿಯೂ ಇಲ್ಲ, ಕೋಲೂ ಇಲ್ಲ.

ಹಾಗಾದರೆ ಕೋಲು ಎಲ್ಲಿಂದ ಬಂತು? 1782ರಲ್ಲಿ ಫ್ರಾನ್ಸಿಸ್ ಬುಲ್ಲರ್ ಎಂಬ ನ್ಯಾಯಾಧೀಶ ಹೆಬ್ಬೆರಳಿನ ಗಾತ್ರದ ಕೋಲಿಗೆ ಅಡ್ಡಿಯಿಲ್ಲ ಎಂದನೆಂದು ಲಂಡನ್ನಿನಲ್ಲಿ ಸುದ್ದಿ ಹಬ್ಬಿತು. ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ ಅವನು ಕೋಲಿನ ಹೊರೆ ಹೊತ್ತಂತೆ ಚಿತ್ರ ಬರೆದು ‘ಜಡ್ಜ್ ಥಂಬ್’ ಎಂದು ಹೆಸರಿಟ್ಟ. ಆದರೆ ಬುಲ್ಲರ್ ಕೊಟ್ಟ ಯಾವ ತೀರ್ಪಿನಲ್ಲೂ ಆ ಮಾತು ಸಿಕ್ಕಿಲ್ಲ. ಆ ಕೋಲಿಗೂ ಈ ನುಡಿಗೂ ಗಂಟು ಬಿದ್ದದ್ದು ತೀರ ಈಚೆಗೆ, ಅಮೆರಿಕದ ಹೆಂಗಸರು ಮನೆಯೊಳಗಿನ ಹೊಡೆತದ ಬಗ್ಗೆ ಬಾಯಿಬಿಟ್ಟು ಬರೆಯತೊಡಗಿದ 1970ರ ದಶಕದಲ್ಲಿ. 1982ರಲ್ಲಿ ಅಲ್ಲಿನ ನಾಗರಿಕ ಹಕ್ಕುಗಳ ಆಯೋಗ ಪೆಟ್ಟು ತಿಂದ ಹೆಂಗಸರ ಕುರಿತ ತನ್ನ ವರದಿಯ ಹೆಸರಿನಲ್ಲೇ ಈ ನುಡಿಯನ್ನು ಸೇರಿಸಿತು. ಕಥೆ ಗಟ್ಟಿಯಾಯಿತು.

ಸುಳ್ಳು ಹೇಳಿದೆನಲ್ಲ ಎಂದು ನಾಚಿಕೆಯಾಯಿತು. ‘ಕಾನೂನೇ ಸುಳ್ಳು ಅಂದಮೇಲೆ ಹೊಡೆತವೂ ಸುಳ್ಳೇ’ ಎನ್ನುವವರಿಗೆ ನಾನೇ ದಾರಿ ಮಾಡಿಕೊಟ್ಟಂತಾಯಿತಲ್ಲ!

ಆದರೆ ಹುಡುಕುವಾಗ ಸಿಕ್ಕ ಒಂದು ನಿಜ ಆ ಸುಳ್ಳಿಗಿಂತ ಕಹಿಯಾಗಿತ್ತು. 1868ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಗಂಡನೊಬ್ಬ ಹೆಂಡತಿಗೆ ಬೆತ್ತದಲ್ಲಿ ಮೂರು ಏಟು ಹೊಡೆದ. ಬೆತ್ತ ಹೆಬ್ಬೆರಳಿಗಿಂತ ಸಣ್ಣದು, ಆದ್ದರಿಂದ ತಪ್ಪಿಲ್ಲ ಎಂದ ಕೆಳಗಿನ ನ್ಯಾಯಾಧೀಶ. ಮೇಲಿನ ಕೋರ್ಟು ಆ ಅಳತೆಯನ್ನು ಒಪ್ಪಲಿಲ್ಲ, ಆದರೂ ಗಂಡನನ್ನು ಬಿಟ್ಟಿತು. ಕಾರಣವೇನು ಗೊತ್ತೇ? ದೊಡ್ಡ ಗಾಯವಾಗದಿದ್ದರೆ ಮನೆಯೊಳಗಿನ ವಿಷಯಕ್ಕೆ ಕೋರ್ಟು ಕೈಹಾಕಬಾರದಂತೆ. 1874ರಲ್ಲಿ ಅದೇ ಕೋರ್ಟು ಗಂಡನಿಗೆ ಹೊಡೆಯುವ ಹಕ್ಕಿಲ್ಲ ಎಂದು ಸಾರಿತು. ಸಾರಿದ ಬಾಯಲ್ಲೇ, ಸಣ್ಣಪುಟ್ಟದ್ದಕ್ಕೆ ಪರದೆ ಎಳೆದು ಅವರವರೇ ಮರೆಯಲು ಬಿಡುವುದು ಮೇಲು ಎಂದೂ ಸೇರಿಸಿತು.

ಓದುತ್ತಿದ್ದಂತೆ ಇದನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ.’ ಅಳುತ್ತ ತವರಿಗೆ ಬಂದ ಮಗಳಿಗೆ ನಾವು ಹೇಳುವುದು ಇದನ್ನೇ ತಾನೆ? ನಮ್ಮಲ್ಲಿ 1983ರಲ್ಲಿ 498ಎ ಬಂತು, 2005ರಲ್ಲಿ ಕೌಟುಂಬಿಕ ಹಿಂಸೆಯ ಕಾಯ್ದೆ ಬಂತು. ಗಾದೆ ಮಾತ್ರ ಇದ್ದಲ್ಲೇ ಇದೆ.

ಮುಂದಿನ ಸಭೆಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಈಗ ಹೆಬ್ಬೆರಳಿನ ನಿಯಮವೆಂದರೆ ನನಗೆ ಕೋಪವಿಲ್ಲ, ಅತ್ತೆಯ ಅನ್ನದ ನೀರು ನೆನಪಾಗುತ್ತದೆ. ಮೈ ಉರಿಯುವುದು ಆ ಗಾದೆ ಕೇಳಿದಾಗ. ಅದನ್ನು ನನ್ನ ಮಗಳಿಗಂತೂ ನಾನು ಹೇಳುವುದಿಲ್ಲ.