ಟೇಲರ್ ಸಾಹೇಬರ ಸುರಪುರ

ಸುರಪುರದವರನ್ನು ಊರಿನ ಇತಿಹಾಸ ಕೇಳಿದರೆ, ಓದಿದವರು ಮೊದಲು ಹೇಳುವ ಹೆಸರು ಮೆಡೋಸ್ ಟೇಲರನದು. ಗುಡ್ಡದ ಮೇಲಿನ ‘ಟೇಲರ್ ಮಂಜಿಲ್’ ತೋರಿಸದೆ ಅವರು ಪರಸ್ಥಳದವರನ್ನು ಬಿಡುವುದಿಲ್ಲ. 1841ರ ಕೊನೆಗೆ ಈ ಸಂಸ್ಥಾನದ ಆಡಳಿತಕ್ಕೆಂದು ನೇಮಕವಾದ ಈ ಆಂಗ್ಲ ಅಧಿಕಾರಿ 1853ರವರೆಗೆ ಇಲ್ಲಿದ್ದ, 1876ರಲ್ಲಿ ತೀರಿಕೊಂಡ. ಮರುವರ್ಷ ಅವನ ಮಗಳು ಪ್ರಕಟಿಸಿದ ಆತ್ಮಕಥೆಯಲ್ಲಿ ಸುರಪುರಕ್ಕೆ ಸಿಕ್ಕ ಸ್ಥಾನ ದೊಡ್ಡದು. ಈ ಗ್ರಂಥವನ್ನು ನಮ್ಮ ಭಾಗದ ಸ್ಥಳೀಯ ಇತಿಹಾಸವೆಂದು ಓದಬಹುದೇ? ಓದಬಹುದು, ಆದರೆ ನಾವು ಮೆಚ್ಚುತ್ತ ಬಂದ ಪುಟಗಳಿಗಾಗಿ ಅಲ್ಲ ಎಂಬುದು ನನ್ನ ಅಭಿಪ್ರಾಯ.

ನಾವು ಮೆಚ್ಚುವ ಪುಟಗಳು ಯಾವುವೆಂಬುದು ಎಲ್ಲರಿಗೂ ಗೊತ್ತು. ರಾಣಿ ಈಶ್ವರಮ್ಮನೊಡನೆ ಟೇಲರನ ಜಟಾಪಟಿ. ಅವನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದ ಬಾಲಕ ರಾಜ ವೆಂಕಟಪ್ಪ ನಾಯಕ. ಹುಡುಗ ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂದ ಜಾತಕ. 1858ರ ದಂಗೆ, ಸೆರೆ, ಮದ್ರಾಸಿನ ಕಡೆಯ ಕೋಟೆಗೆ ಒಯ್ಯುವ ದಾರಿಯಲ್ಲಿ ಗುಂಡಿನಿಂದಾದ ಸಾವು. ಕರುಳು ಹಿಂಡುವ ಕಥೆ, ಸಂದೇಹವಿಲ್ಲ. ಆದರೆ ಟೇಲರ್ ಮೂಲತಃ ಕಾದಂಬರಿಕಾರನೆಂಬುದನ್ನು ಮರೆಯಬಾರದು. 1839ರಲ್ಲಿಯೇ ಠಕ್ಕರ ಕಥೆ ಬರೆದು ವಿಲಾಯತಿಯಲ್ಲಿ ಹೆಸರು ಮಾಡಿದ ಲೇಖನಿ ಅದು. ಜಾತಕವನ್ನು ಮೊದಲು ಹೇಳಿ, ಸಾವನ್ನು ಕೊನೆಗಿಟ್ಟು, ನಡುವಿನದನ್ನೆಲ್ಲ ವಿಧಿಯ ಕೈಗೊಪ್ಪಿಸಿಬಿಟ್ಟರೆ, ಕಂಪನಿ ಸರಕಾರದ ಪಾಲು ಎಷ್ಟೆಂದು ಕೇಳುವ ಗೋಜೇ ಉಳಿಯುವುದಿಲ್ಲ. ಅವನ ವಾತ್ಸಲ್ಯ ಸುಳ್ಳೆಂದು ನಾನು ಹೇಳುತ್ತಿಲ್ಲ. ವಾತ್ಸಲ್ಯವೂ ಒಂದು ಬಗೆಯ ಮರೆ ಎಂದಷ್ಟೇ ಹೇಳುತ್ತಿದ್ದೇನೆ.

ನನಗೆ ಹೆಚ್ಚಿನದಾಗಿ ಕಾಣುವುದು ಕಥೆ ನಿಂತು ಕೆಲಸ ಮೊದಲಾಗುವ ಪುಟಗಳು: ಬೋನಾಳದ ಕೆರೆಯ ಕೆಲಸ, ಕಂದಾಯದ ಲೆಕ್ಕ, ಹೊಲಗಳ ನಡುವಿನ ಕಲ್ಗೋರಿಗಳನ್ನು ಅಗೆಸಿ ನೋಡಿದ್ದು. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲು ಸಾಲಾಗಿ ನಿಲ್ಲಿಸಿದ ಗುಂಡುಗಳನ್ನೂ, ರಾಜನಕೋಳೂರಿನ ಕಲ್ಮನೆಗಳನ್ನೂ ಅವನು ಪಂಡಿತರಿಗೆಂದು ಬರೆದ ಪ್ರಬಂಧಗಳಲ್ಲಿ ವರ್ಣಿಸಿದ. ರೈತರು ಇವನ್ನು ‘ಮೋರೇರ ಮನೆ’ ಎನ್ನುತ್ತಾರೆಂದು ಬರೆದುಕೊಂಡದ್ದು ಅವನ ದೊಡ್ಡ ಗುಣ. ಆದರೆ ನೋಡಿದ ಕಣ್ಣು ಮಾತ್ರ ಸ್ವದೇಶದ್ದು. ಬ್ರಿಟನ್ನಿನ ಬಯಲುಗಳ ಗೋರಿಗಳೂ ಇವೂ ಒಂದೇ ಕುಲದ ಜನರವೆಂದು, ಶಕರನ್ನೂ ಡ್ರೂಯಿಡ್ ಪುರೋಹಿತರನ್ನೂ ಕೃಷ್ಣೆಯ ದಂಡೆಗೆ ಎಳೆದು ತಂದ. ಇವು ದಖ್ಖನಿನ ಕಬ್ಬಿಣಯುಗದ ಬೃಹತ್ ಶಿಲಾ ಸಮಾಧಿಗಳೆಂಬುದು ಈಗ ಖಚಿತವಾಗಿರುವುದರಿಂದ ಆ ವಾದ ಬಿದ್ದುಹೋಗಿದೆ.

ಆ ಕಣ್ಣು ಎಲ್ಲಿಂದ ಬಂತೆಂದು ವಿಚಾರಿಸಿದರೆ, ಇಂಗ್ಲೆಂಡಿನಲ್ಲಿ ಒಂದು ಚರ್ಚಿಗೆ ಸೇರಿದ ಹಳ್ಳಿಯನ್ನು ‘ಪ್ಯಾರಿಷ್’ ಎನ್ನುತ್ತಾರೆ. ಅಂಥ ಹಳ್ಳಿಯ ಪಾದ್ರಿಯೋ ಜಮೀನುದಾರನೋ ಬಿಡುವಿನಲ್ಲಿ ತನ್ನೂರಿನ ಇತಿಹಾಸ ಬರೆಯುವುದು ಅಲ್ಲಿಯ ಹಳೆಯ ಹವ್ಯಾಸ. ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿದ್ದ ಪಾದ್ರಿ ಗಿಲ್ಬರ್ಟ್ ವೈಟ್ 1789ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಊರಿನ ಹಕ್ಕಿಗಳಿಗೂ ಚರ್ಚಿಗೂ ತೋಟದ ಒಂದು ಆಮೆಗೂ ಜಾಗವುಂಟು. ಟೇಲರ್ ಕೈಯಾಡಿಸಿದ್ದು ಈ ಹವ್ಯಾಸದ ಅರ್ಧದಲ್ಲಿ ಮಾತ್ರ; ಕಲ್ಲುಗಳ ಅರ್ಧದಲ್ಲಿ. ಉಳಿದರ್ಧ ಕಾಗದದ್ದು. 1538ರ ರಾಜಾಜ್ಞೆಯಿಂದ ಅಲ್ಲಿಯ ಪ್ರತಿ ಚರ್ಚು ತನ್ನ ಗ್ರಾಮದ ನಾಮಕರಣ, ಮದುವೆ, ಮಣ್ಣುಗಳನ್ನು ಬರೆದಿಡಬೇಕಾಯಿತು. ನಮ್ಮ ಜಹಗೀರನ್ನು ಹೋಲುವ ‘ಮ್ಯಾನರ್’ ಎಂಬ ಜಮೀನುದಾರಿಗೂ ತನ್ನದೇ ಕಚೇರಿಯಿತ್ತು. ಯಾರ ದನ ಯಾರ ಹೊಲ ಹೊಕ್ಕಿತು, ಬದುವಿನ ಕಲ್ಲನ್ನು ಸರಿಸಿದವನು ಯಾರು, ದಂಡವೆಷ್ಟು ಎಂಬುದೆಲ್ಲ ಅದರ ಸುರುಳಿಗಳಲ್ಲಿ ದಾಖಲಾಯಿತು. ಡಬ್ಲ್ಯೂ. ಜಿ. ಹಾಸ್ಕಿನ್ಸ್ 1955ರಲ್ಲಿ ಇಂಗ್ಲೆಂಡಿನ ನೆಲದ ಇತಿಹಾಸ ಬರೆದಾಗ, ಬೇಲಿಯ ತಿರುವಿಗೂ ಹಾಳುಬಿದ್ದ ಹಳ್ಳಿಯ ದಿಬ್ಬಕ್ಕೂ ಅರ್ಥ ಹೇಳಲು ಸಾಧ್ಯವಾದದ್ದು ಇಂಥ ಕಾಗದಗಳ ಬಲದಿಂದಲೂ ಹೌದು. ಭಿಕ್ಷುಕನ ಹೆಸರು ಕೂಡ ಅಲ್ಲಿ ಸಾವಿನ ದಿನವಾದರೂ ಒಮ್ಮೆ ಬರೆಯಲ್ಪಡುತ್ತಿತ್ತು.

ನಮ್ಮಲ್ಲಿ ಇಂಥದೇನಿದೆ? ಶಾಸನಗಳಿವೆ, ಇನಾಂ ಸನದುಗಳಿವೆ, ಕುಲಕರ್ಣಿಯ ದಫ್ತರವಿದೆ. ಅವುಗಳಲ್ಲಿ ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ, ಬಾಕಿದಾರನ ಹೆಸರಂತೂ ಖಂಡಿತ ಇದೆ. ಭೂಮಿಯಿಲ್ಲದವನ ಹೆಸರು ಅಪರೂಪ. ಇದರ ಪರಿಣಾಮವನ್ನು ನಮ್ಮ ತಾಲೂಕುಗಳ ಇತಿಹಾಸವೆಂದು ಅಚ್ಚಾಗುವ ಕಿರುಹೊತ್ತಿಗೆಗಳಲ್ಲಿ ಕಾಣಬಹುದು. ಯಾದಗಿರಿಯೆಂದರೆ ಕೋಟೆ, ಗೋಗಿಯೆಂದರೆ ಆದಿಲಶಾಹಿ ಗೋರಿಗಳು, ವಾಗಣಗೇರಿಯೆಂದರೆ 1705ರ ಔರಂಗಜೇಬನ ಮುತ್ತಿಗೆ, ಮುದನೂರೆಂದರೆ ದೇವರ ದಾಸಿಮಯ್ಯ. ಜೈಮಿನಿಯ ಕವಿ ಲಕ್ಷ್ಮೀಶ ನಮ್ಮ ದೇವಾಪುರದವನೋ ಕಡೂರಿನ ಕಡೆಯ ದೇವನೂರಿನವನೋ ಎಂಬ ವಾದಕ್ಕೆ ಸುರಿದ ಶಾಯಿಯ ಕಾಲುಭಾಗವೂ ದೇವಾಪುರದ ಒಕ್ಕಲುಗಳಿಗೆ ಸಂದಿಲ್ಲ. (ಆ ವಾದಕ್ಕೆ ಕಿವಿಗೊಟ್ಟು ಹಲವು ಸಂಜೆಗಳನ್ನು ನಾನೂ ಕಳೆದಿದ್ದೇನೆ.) ಅರಸರ ಪಟ್ಟಿ ಮುಗಿದಲ್ಲಿ ಪುಸ್ತಕವೂ ಮುಗಿಯುತ್ತದೆ.

ಹಾಗಾದರೆ ಒಕ್ಕಲುಗಳ ಹೆಸರನ್ನು ಯಾರೂ ಕಾದಿಡಲಿಲ್ಲವೇ? ಕಾದಿಟ್ಟವರಿದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬರುವ ಹೆಳವರನ್ನು ನೋಡದ ಹಳ್ಳಿ ನಮ್ಮ ಸೀಮೆಯಲ್ಲಿ ಕಡಿಮೆ. ಮನೆಯ ಮುಂದೆ ನಿಂತು, ಆ ಮನೆತನದ ಮೂಲ ಊರು ಯಾವುದು, ಬೆಡಗು ಯಾವುದು, ಯಾರ ಮಗ ಯಾರು, ಯಾವ ಕಾರಣಕ್ಕೆ ಊರು ಬಿಟ್ಟರು ಎಂಬುದನ್ನು ಉಸಿರು ಕಟ್ಟಿ ಹೇಳಿ ಜೋಳವನ್ನೋ ಬಟ್ಟೆಯನ್ನೋ ಪಡೆದು ಹೋಗುವವರು ಅವರು. ನಮ್ಮ ಪ್ಯಾರಿಷ್ ಪುಸ್ತಕ ಅದೇ. ಕಾಗದದ ಬದಲು ಬಾಯಲ್ಲಿದೆ. ಅದಕ್ಕೂ ದೋಷಗಳುಂಟು. ಕಾಳು ಕೊಡಬಲ್ಲ ಮನೆಯ ವಂಶ ಉದ್ದವಾಗುತ್ತದೆ, ಸೊಸೆಯರ ತವರು ಒಮ್ಮೊಮ್ಮೆ ಬಿಟ್ಟುಹೋಗುತ್ತದೆ, ಇಸವಿಗಳಿಲ್ಲ. ಆದರೆ ಪರಿಶೀಲಿಸಿ ಬಳಸಬೇಕಾದದ್ದು ಚರ್ಚಿನ ಪುಸ್ತಕವೂ ಹೌದಲ್ಲವೇ? ಆತುರಪಡಬೇಕಾದ ಕಾರಣವೂ ಇದೆ. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಕಾಲುವೆಯ ನೀರು ಹರಿದ ಮೇಲೆ, ಜೋಳದ ಹೊಲಗಳನ್ನು ಭತ್ತಕ್ಕೆ ಸಮ ಮಾಡುವಾಗ ಬದುಗಳೂ ಕಲ್ಲುಗಳೂ ಹೋದವು. ಅವುಗಳ ಜೊತೆಗೆ ಹೊಲಗಳ ಹೆಸರುಗಳೂ ಹೋಗುತ್ತಿವೆ. ಹೆಳವರ ಮಕ್ಕಳೂ ಎತ್ತಿನ ಬೆನ್ನೇರಲು ಮನಸ್ಸು ಮಾಡುತ್ತಿಲ್ಲ. ಅವರನ್ನು ತಪ್ಪೆನ್ನಲೂ ಆಗದು.

ಕೆಲವು ವರ್ಷಗಳ ಹಿಂದೆ ಸುರಪುರದ ಕಡೆಯ ಒಂದು ಹಳ್ಳಿಯಲ್ಲಿ, ನನ್ನ ವಿದ್ಯಾರ್ಥಿಯೊಬ್ಬನ ಮನೆಯ ಕಟ್ಟೆಯ ಮೇಲೆ ಕೂತು ಹೆಳವನೊಬ್ಬನ ಬಾಯಿಂದ ಆ ಮನೆಯ ಏಳು ತಲೆಗಳನ್ನು ಕೇಳಿದೆ. ಮೂರನೆಯ ತಲೆಯಲ್ಲಿ ಒಂದು ದೊಡ್ಡ ಬರ ಬಂತು. ಲೆಕ್ಕ ಹಾಕಿದರೆ ಅದು 1876–78ರ ಬರವೇ ಇರಬೇಕು. ಟೇಲರ್ ಕಣ್ಣು ಮುಚ್ಚಿದ, ಅವನ ಪುಸ್ತಕ ವಿಲಾಯತಿಯಲ್ಲಿ ಅಚ್ಚಾದ ಕಾಲ. ಅವನ ‘ಸ್ವಂತ’ ಪ್ರಜೆಗಳು ಆಗ ಏನಾದರೆಂದು ಆ ಪುಸ್ತಕ ಹೇಳುವಂತಿರಲಿಲ್ಲ. ಹೆಳವ ಹೇಳಿದ: ಅಣ್ಣತಮ್ಮ ಇಬ್ಬರು ಹೊಳೆ ದಾಟಿ ಬಂದರು, ಅಣ್ಣನ ಹೆಂಡತಿ ದಾರಿಯಲ್ಲಿ ಸತ್ತಳು, ಉಳಿದದ್ದು ಒಂದೇ ಎತ್ತು, ಅದರ ಬಣ್ಣ ಕಂದು. ವಿದ್ಯಾರ್ಥಿಯ ಅಜ್ಜಿ ಒಳಗಿನಿಂದಲೇ ತಿದ್ದಿದಳು: ಕಂದಲ್ಲ, ಮಾಸಲು ಬಿಳಿ.