ಟೋಕನ್ ಬಿಟ್ಟು ಮಿದುಳು ಹಿಡಿದವರು

ಕೃತಕ ಬುದ್ಧಿಮತ್ತೆಯನ್ನು ಕನ್ನಡದಲ್ಲಿ ಪರಿಚಯಿಸುವ ಬರಹಗಳಿಗೆ ಈಗ ಒಳ್ಳೆಯ ಹೆಸರಿದೆ. ಯಂತ್ರಕಲಿಕೆ, ನರಜಾಲ, ಭಾಷಾ ಮಾದರಿ ಎಂದು ಸಾಲಾಗಿ ಪರಿಭಾಷೆ ಕೊಟ್ಟು, ಇದೆಲ್ಲ ಮನುಷ್ಯನ ಮಿದುಳಿನಂತೆ ನಡೆಯುತ್ತದೆ ಎಂದು ಮುಗಿಸುತ್ತವೆ. ಭಾಷೆ ತಿಳಿಯಾಗಿದೆ, ಒಪ್ಪುತ್ತೇನೆ. ಆದರೆ ಆ ಹೆಸರು ಅವಕ್ಕೆ ಸಲ್ಲದು. ಕನ್ನಡದ ಓದುಗ ಮೊದಲು ತಿಳಿಯಬೇಕಾದದ್ದು ಟೋಕನ್. ಅದಕ್ಕೆ ಸಿಗುವುದು ಒಂದೇ ಸಾಲು: ಟೋಕನ್ ಅಂದರೆ ಪದ. ಇದು ತಪ್ಪು.

ಹಿರೇಕೆರೂರು ಸೀಮೆಯ ಸರ್ವಜ್ಞನ ಹೆಸರನ್ನೇ ತೆಗೆದುಕೊಳ್ಳಿ. ನಮಗದು 3 ಅಕ್ಷರ: ಸ, ರ್ವ, ಜ್ಞ. ಯೂನಿಕೋಡ್‌ನಲ್ಲಿ 7 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3ರಂತೆ 21 ಬೈಟ್. ಈ ಬೈಟ್‌ಗಳನ್ನು ಕೂಡಿಸಿ ಮಾಡಿದ ತುಣುಕುಗಳೇ ಬಹುತೇಕ ಭಾಷಾ ಮಾದರಿಗಳ ಟೋಕನ್. ತರಬೇತಿಯ ಪಠ್ಯದಲ್ಲಿ ಯಾವ ಜೋಡಿ ಎಷ್ಟು ಸಲ ಬಂದಿದೆ ಎಂಬ ಲೆಕ್ಕವೇ ತುಣುಕಿನ ಗಡಿ ಹಾಕುತ್ತದೆ. ಇಂಗ್ಲಿಷ್ ತುಂಬಿದ ಪಠ್ಯದಲ್ಲಿ ಇಂಗ್ಲಿಷ್ ಪದ ಇಡಿಯಾಗಿ ಉಳಿಯುತ್ತದೆ, ಕನ್ನಡದ ಒತ್ತಕ್ಷರ ಒಡೆಯುತ್ತದೆ. ಈಚೆಗೆ ತುಣುಕುಗಳು ದೊಡ್ಡವಾಗಿವೆ ನಿಜ. ಆದರೂ ಅವು ನಮ್ಮ ಅಕ್ಷರದ ಅಂಚಿನಲ್ಲೇ ನಿಲ್ಲುತ್ತವೆಂಬ ಖಾತ್ರಿಯಿಲ್ಲ.

ಈಗ ಸರ್ವಜ್ಞನ ವಚನಗಳ ಛಂದಸ್ಸಾದ ತ್ರಿಪದಿ. ಒಟ್ಟು 11 ಗಣ. 6 ಮತ್ತು 10ನೆಯವು ಎರಡಂಶದ ಬ್ರಹ್ಮಗಣ, ಉಳಿದವು ಮೂರಂಶದ ವಿಷ್ಣುಗಣ. ಸರ್ವಜ್ಞ ಎಂಬ ಅಂಕಿತ ಕೊನೆಯ ವಿಷ್ಣುಗಣದಲ್ಲಿ ಸರಿಯಾಗಿ ಕೂರುತ್ತದೆ: ಗುರು, ಗುರು, ಲಘು. ಅದರ ಹಿಂದಿನ ಗಿಡ್ಡ ಗಣದಲ್ಲಿ ಓಟ ತುಸು ತಡೆದು, ಅಂಕಿತದ ಮೇಲೆ ಒತ್ತು ಬೀಳುತ್ತದೆ. ಸರ್ವಜ್ಞನಂತೆ ಬರೆ ಎಂದು ಯಂತ್ರಕ್ಕೆ ಹೇಳಿದರೆ ಸಾಲು ಮೂರಾಗುತ್ತವೆ, ಅಂಕಿತವೂ ಬರುತ್ತದೆ. ಅಂಥ ಸಾಲುಗಳ ಬೆನ್ನಿಗೆ ಆ ಹೆಸರು ಬರುವ ಸಂಭವವೇ ಹೆಚ್ಚು. ಎಡವುವುದು ಬಹುಮಟ್ಟಿಗೆ ಅಂಕಿತದ ಹಿಂದಿನ ಗಣಗಳಲ್ಲಿ. ಗುರು ಲಘು ಯಂತ್ರದ ಕಣ್ಣಿಗೆ ನೇರವಾಗಿ ಬೀಳುವುದೇ ಇಲ್ಲ, ತುಣುಕಿನೊಳಗೆ ಹೂತಿರುತ್ತವೆ. ಮಿದುಳಿನ ಹೋಲಿಕೆಯಿಂದ ಇದು ಎಂದಿಗೂ ತಿಳಿಯದು.

ಇಲ್ಲಿ ಕೆಲವು ವಿಮರ್ಶಕರು ಅಡ್ಡ ಬರುತ್ತಾರೆ. ಸರ್ವಜ್ಞನ ಹೆಸರಿನಲ್ಲಿ ಜನರೂ ವಚನ ಕಟ್ಟಿ ಸೇರಿಸಿಲ್ಲವೇ, ಶಿಗ್ಗಾಂವಿ ಸೀಮೆಯ ಶರೀಫರ ಹೆಸರಿನಲ್ಲೂ ಪದಗಳು ಬೆಳೆದಿಲ್ಲವೇ, ಯಂತ್ರವೂ ಒಬ್ಬ ಅನಾಮಿಕ ಜನಪದ ಕವಿ ಎನ್ನುತ್ತಾರೆ. ಈ ವಾದ ನನಗೆ ಸಿಟ್ಟು ತರಿಸುತ್ತದೆ. ಪ್ರಕ್ಷೇಪ ಇದೆ, ಸರಿ. ಚನ್ನಪ್ಪ ಉತ್ತಂಗಿಯವರು ಹಸ್ತಪ್ರತಿ ಹುಡುಕಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಹೊರತಂದ ಮೇಲೂ ಯಾವುದು ಅವನದು ಎಂಬ ಜಗಳ ತೀರಲಿಲ್ಲ. ಆದರೆ ಸೇರಿಸಿದವನ ಕಿವಿಯಲ್ಲಿ ತ್ರಿಪದಿ ಇತ್ತು. ಹಾನಗಲ್ಲು, ಸವಣೂರಿನ ಕಡೆಯ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ್ದೂ ಇದೇ ಧಾಟಿಯಲ್ಲಿ. ಗೂಟ ಹಿಡಿದ ಕೈ ತಿರುಗುವ ಲಯದಲ್ಲೇ ಗಣ ಇತ್ತು. ಕುಂಟುವ ಸಾಲನ್ನು ಜೊತೆಗೆ ಕೂತವಳು ಅಲ್ಲೇ ತಿದ್ದುತ್ತಿದ್ದಳು. ಯಂತ್ರದ ಸಾಲನ್ನು ತಿದ್ದುವವರಿಲ್ಲ, ಅದು ಮೊಬೈಲಿನಿಂದ ಮೊಬೈಲಿಗೆ ಸರ್ವಜ್ಞನ ಹೆಸರಿನಲ್ಲೇ ಹೋಗುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಜನಪದವನ್ನೂ ಅರಿತಿಲ್ಲ, ಯಂತ್ರವನ್ನೂ ಅರಿತಿಲ್ಲ.

ಪ್ರಸ್ತಾರ ಹಾಕಲು ಕಲಿತ ಹೈಸ್ಕೂಲು ಮಕ್ಕಳು ನಮ್ಮಲ್ಲಿ ಊರೂರಿಗೂ ಇದ್ದಾರೆ. ಅವರ ಮುಂದೆ ಸರ್ವಜ್ಞನದೊಂದು, ಯಂತ್ರದ್ದೊಂದು ತ್ರಿಪದಿ ಇಟ್ಟು ಗಣ ವಿಂಗಡಿಸಲು ಹೇಳಿ, ಆಮೇಲೆ ಆ 21 ಬೈಟ್‌ಗಳ ಲೆಕ್ಕ ತೋರಿಸಿದರೆ, ಟೋಕನ್ ಎಂದರೇನೆಂದು ಒಂದೇ ಪಿರಿಯಡ್ಡಿನಲ್ಲಿ ತಿಳಿದೀತು.